ಹಳೇ ಸೈಕಲ್‌ಗೆ ಹೊಸ ಚಕ್ರ: ಕಡ್ಡಿ ಹೆಣಿಗೆ, ರಿಮ್ಮು ಮತ್ತೆ ನಮ್ಮ ಸಂಘದ ದುಡ್ಡು

(ಸಂಘದ ವಾರ್ಷಿಕೋತ್ಸವದ ದಿನ ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟಿರೋದು ಇಪ್ಪತ್ತು ನಿಮಿಷ. ಬಿ.ಎ. ಓದೋ ಹುಡುಗ ಅಂದ್ರೆ ಇತಿಹಾಸ, ರಾಜಕೀಯ ಮಾತಾಡ್ತಾನೆ ಅಂದ್ಕೊಂಡಿರ್ತೀರಿ. ನಾನು ಮಾತಾಡೋದು ಸೈಕಲ್ ಚಕ್ರದ ಬಗ್ಗೆ. ಯಾಕಂದ್ರೆ ಹೋದ ಸಭೇಲಿ ನಮ್ಮ ಸಂಘದ ಕೋಣೆ ಹಿಂದೆ ಮಳೇಲಿ ನೆನೀತಾ ನಿಂತಿರೋ ಸೈಕಲ್‌ಗಳ ಮಾತು ಬಂತು. ಎಂಟು ಸೈಕಲ್ ಇವೆ. ಎಲ್ಲಾ ನಮ್ಮ ಮಕ್ಕಳು ಪ್ಲಸ್ ಒನ್ ಓದುವಾಗ ಸರ್ಕಾರದಿಂದ ಬಂದವು, ಇಲ್ಲಾ ಅಪ್ಪಂದಿರು ಫ್ಯಾಕ್ಟರಿಗೆ ಓಡಿಸಿ ಬಿಟ್ಟವು. ಐದಕ್ಕೆ ಹಿಂದಿನ ಚಕ್ರ ಹೋಗಿದೆ. ಗುಜರಿಗೆ ಹಾಕೋಣ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಹೊಸ ಸೈಕಲ್ ತಗೊಳ್ಳೋಣ ಅಂತ ಒಂದು ಮಾತು. ಚಕ್ರ ಕಟ್ಟಿಸಿದ್ರೆ ಐದೂ ಓಡ್ತವೆ ಅಂತ ಇನ್ನೊಂದು ಮಾತು. ನಾನು ಎರಡನೇ ಮಾತಿನ ಕಡೆ. ಅದಕ್ಕೆ ಕಾರಣ ಹೇಳ್ತೀನಿ.

ತಮಿಳುನಾಡಲ್ಲಿ ಉಚಿತ ಸೈಕಲ್ ಯೋಜನೆ 2001-02ರಲ್ಲಿ ಶುರುವಾದಾಗ ಮೊದಲು ಕೊಟ್ಟಿದ್ದು ನಮ್ಮ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹೆಣ್ಣುಮಕ್ಕಳಿಗೆ. ಆಮೇಲೆ ಗಂಡುಮಕ್ಕಳಿಗೆ, ಮಿಕ್ಕವರಿಗೆ ಹರಡಿತು. ಈಗ ಸರ್ಕಾರಿ, ಅನುದಾನಿತ ಶಾಲೇಲಿ 11ನೇ ತರಗತಿಗೆ ಬಂದವರಿಗೆ ಸಿಗುತ್ತೆ. ಒಳ್ಳೇದೇ. ಆದ್ರೆ ಆರನೇ ಕ್ಲಾಸಿಂದ ಹತ್ತರವರೆಗೆ ಓದೋ ಮಗು ಏನು ಮಾಡ್ಬೇಕು? ನಮ್ಮ ಕಾಲೋನಿಯಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. ಬೆಳಗ್ಗೆ ಬಸ್ಸು ಒಂದೇ, ಅದೂ ಗುಲಾಬಿ ಶೆಡ್ಡಿಗೆ ಕೆಲಸಕ್ಕೆ ಹೋಗೋರಿಂದ ತುಂಬಿರುತ್ತೆ. ಕನ್ನಡ ಮಾಧ್ಯಮ ಬೇಕು ಅಂದ್ರೆ ಇನ್ನೂ ದೂರ ಹೋಗೋ ಮಕ್ಕಳೂ ಇದ್ದಾರೆ. ಸೈಕಲ್ ಸಿಗೋ ಹೊತ್ತಿಗೆ ನಿಂತುಬಿಡೋ ಮಕ್ಕಳು ಎಂಟನೇದರಲ್ಲೋ ಒಂಬತ್ತರಲ್ಲೋ ನಿಂತಾಗಿರುತ್ತೆ. ಆ ಎಂಟು ಸೈಕಲ್ ಆ ಮಕ್ಕಳಿಗೆ ಸೇರಬೇಕು ಅನ್ನೋದು ನನ್ನ ವಾದ.

ಹಿರಿಯರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಎಷ್ಟೋ ಊರಲ್ಲಿ ನಮ್ಮವರು ಮೇಲ್ಬೀದಿ ಬಂದ ಕೂಡ್ಲೇ ಸೈಕಲ್ ಇಳಿದು ತಳ್ಕೊಂಡು ಹೋಗಬೇಕಿತ್ತು. ಸೈಕಲ್ ಇದ್ದೂ ಕೂರೋಕಾಗದ ಕಾಲ ಅದು. ಇದೇ ರಾಜ್ಯದ ಪುದುಕೋಟೆ ಜಿಲ್ಲೇಲಿ 1990ರ ದಶಕದ ಆರಂಭದಲ್ಲಿ ಅರಿವೊಳಿ ಸಾಕ್ಷರತಾ ಚಳುವಳಿ ಜೊತೆ ಸಾವಿರಾರು ಹೆಂಗಸರು ಸೈಕಲ್ ಕಲಿತರು, ಅದರಲ್ಲಿ ಕೂಲಿ ಮಾಡೋ ಹೆಂಗಸರು ಬಹಳ. ಆಗಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅದಕ್ಕೆ ಬೆನ್ನು ಕೊಟ್ಟರು. ಹಾಗಾಗಿ ಸೈಕಲ್ ಅಂದ್ರೆ ಸಣ್ಣ ವಿಷಯ ಅಂತ ಯಾರೂ ಮೂಗು ಮುರೀಬೇಡಿ. ಸರಿ, ಇನ್ನು ಚಕ್ರಕ್ಕೆ ಬರ್ತೀನಿ.

ಎತ್ತಿನ ಗಾಡಿ ಚಕ್ರ ಎಲ್ಲರೂ ನೋಡಿದ್ದೀರಿ. ಅದರ ಮರದ ಕಾಲುಗಳು ಕಂಬದ ಹಾಗೆ ಭಾರ ಹೊರುತ್ತವೆ. ಸೈಕಲ್ ಕಡ್ಡಿ ಎರಡು ಮಿಲಿಮೀಟರ್ ದಪ್ಪ, ಕೈಯಲ್ಲಿ ಬಗ್ಗಿಸಬಹುದು, ಅದು ಕಂಬ ಹೇಗಾಗುತ್ತೆ? ಗುಟ್ಟು ಇರೋದು ಬಿಗಿಯಲ್ಲಿ. ಎಲ್ಲಾ ಕಡ್ಡಿಗಳೂ ರಿಮ್ಮನ್ನು ಹಬ್ಬಿನ ಕಡೆಗೆ ಮೊದಲೇ ಎಳೆದು ಹಿಡಿದಿರ್ತವೆ. ನಾವು ಕೂತಾಗ ನೆಲದ ಕಡೆ ಇರೋ ಕೆಲವು ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತೆ, ಚಕ್ರ ತಿರುಗಿ ಮೇಲೆ ಹೋದಾಗ ಮತ್ತೆ ಬಿಗಿಯುತ್ತೆ. ಪ್ರತಿ ಸುತ್ತಿಗೂ ಪ್ರತಿ ಕಡ್ಡಿಗೂ ಹೀಗೆ ಒಂದು ಸಾರಿ. ಲೆಕ್ಕ ಹಾಕಿ: 26 ಇಂಚಿನ ಮಾಮೂಲಿ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತೆ. ಹೋಗಿ ಬರೋಕೆ ಎಂಟು ಕಿಲೋಮೀಟರ್ ಅಂದ್ರೆ ದಿನಕ್ಕೆ ಸುಮಾರು 3,900 ಸುತ್ತು. ಇನ್ನೂರು ದಿನ ಶಾಲೆಗೆ ಹೋದ್ರೆ ಏಳೂಮುಕ್ಕಾಲು ಲಕ್ಷ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರೀತೀವಲ್ಲ, ಕಡ್ಡಿ ಸಾಯೋದೂ ಹಾಗೇನೆ. ಅದಕ್ಕೇ ಅದು ಹೆಚ್ಚಾಗಿ ಹಬ್ಬಿನ ಹತ್ರ ಮೊಣಕೈ ತರ ಬಗ್ಗಿರೋ ಜಾಗದಲ್ಲಿ ತುಂಡಾಗೋದು. ಸಡಿಲ ಬಿಟ್ಟ ಕಡ್ಡಿ ಬೇಗ ಸಾಯುತ್ತೆ, ಚೆನ್ನಾಗಿ ಬಿಗಿದಿದ್ದು ಬಾಳುತ್ತೆ. ಬಿಗಿದ್ರೆ ಕಿತ್ತೋಗುತ್ತೆ ಅಂತ ಹೆದರೋರು ಇದನ್ನ ನೆನಪಿಡಿ.

ಹೆಣಿಗೆ ಅಂದ್ರೇನು ಅಂತ ಈಗ. ಕಡ್ಡಿ ಹಬ್ಬಿಂದ ರಿಮ್ಮಿಗೆ ನೇರವಾಗಿ, ಸೂರ್ಯನ ಕಿರಣದ ತರ ಹೋಗಬಹುದು. ಇದು ನೇರ ಹೆಣಿಗೆ. ಇಲ್ಲಾ ಓರೆಯಾಗಿ ಹೊರಟು ಎದುರು ಕಡೆಯಿಂದ ಬರೋ ಕಡ್ಡಿಗಳನ್ನ ದಾಟಿ ಹೋಗಬಹುದು. ಒಂದು ಕಡ್ಡಿ ತನ್ನ ಕಡೆಯ ಮೂರು ಕಡ್ಡಿ ದಾಟಿದ್ರೆ ಮೂರು ದಾಟು, ನಾಲ್ಕು ದಾಟಿದ್ರೆ ನಾಲ್ಕು ದಾಟು. ಈ ಓರೆ ಹೆಣಿಗೆಗೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ತಗೊಂಡ. ನೂರೈವತ್ತು ವರ್ಷ ಆದ್ರೂ ನಮ್ಮ ಕಾಲೋನಿ ಸೈಕಲ್‌ವರೆಗೂ ಅದೇ ನಡೀತಿದೆ ಅಂದ್ರೆ ಅದರಲ್ಲಿ ಏನೋ ಸತ್ವ ಇರಬೇಕು.

ಸತ್ವ ಇದು: ಪೆಡಲ್ ತುಳಿದಾಗ ಚೈನು ಹಬ್ಬನ್ನ ತಿರುಗಿಸುತ್ತೆ, ರಿಮ್ಮನ್ನಲ್ಲ. ಆ ತಿರುಚು ಕಡ್ಡಿ ಮೂಲಕ ರಿಮ್ಮಿಗೆ ಹೋಗ್ಬೇಕು. ಕಡ್ಡಿ ನೇರವಾಗಿದ್ರೆ ಹಬ್ಬು ಸ್ವಲ್ಪ ತಿರುಗಿಕೊಂಡ ಮೇಲೇ ಎಳೆತ ಶುರು. ಓರೆಯಾಗಿದ್ರೆ ಹಗ್ಗ ಕಟ್ಟಿ ರಾಟೆ ಎಳೆದ ಹಾಗೆ ಎಳೆತ ಸೀದಾ ಹೋಗುತ್ತೆ. ಹಾಗಾಗಿ ಹಿಂದಿನ ಚಕ್ರಕ್ಕೆ ನೇರ ಹೆಣಿಗೆ ಬೇಡವೇ ಬೇಡ. ಡಿಸ್ಕ್ ಬ್ರೇಕ್ ಇದ್ರೆ ಮುಂದಿನದಕ್ಕೂ ಬೇಡ. ರೇಸ್ ಸೈಕಲ್ ಮುಂದಿನ ಚಕ್ರದಲ್ಲಿ ನೋಡಿ ಚೆಂದ ಅಂತ ನಮ್ಮ ಹುಡುಗರು ಫೋಟೋ ತೋರಿಸ್ತಾರೆ. ನಮ್ಮ ಅಗ್ಗದ ಹಬ್ಬಿನ ತಟ್ಟೆಯನ್ನ ನೇರವಾಗಿ ಹೊರಕ್ಕೆ ಎಳೆದ್ರೆ ತೂತಿನ ಅಂಚೇ ಸೀಳಬಹುದು. ಚೆಂದಕ್ಕೆ ಬೇರೆ ದಾರಿ ಇದೆ, ಬಣ್ಣ ಬಳೀರಿ.

ಮೂರೋ ನಾಲ್ಕೋ? ತೂತಿನ ಲೆಕ್ಕ ಇದನ್ನ ಹೇಳುತ್ತೆ. 36 ತೂತಿನ ಹಬ್ಬಿಗೆ ಮೂರು ದಾಟು ಸಾಕು. 32ಕ್ಕೂ ಮೂರೇ. ಹಳೇ ಕಾಲದ ದೊಡ್ಡ ಸೈಕಲ್ ಇದೆಯಲ್ಲ, ಅಪ್ಪಂದಿರು ಹಾಲಿನ ಕ್ಯಾನ್ ನೇತಾಕ್ಕೊಂಡು ಹೋಗ್ತಿದ್ದಿದ್ದು, ಅದರಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಬ್ರಿಟಿಷರ ಕಾಲದ ಲೆಕ್ಕ, ಇವತ್ತಿಗೂ ಬರ್ತಿದೆ. ಆ 40ಕ್ಕೆ ನಾಲ್ಕು ದಾಟು ಸರಿಹೋಗುತ್ತೆ. 36ಕ್ಕೆ ನಾಲ್ಕು ದಾಟೂ ಹಾಕಬಹುದು, ಆದ್ರೆ ಕಡ್ಡಿ ಉದ್ದ ಬೇಕು, ಪಕ್ಕದ ಕಡ್ಡಿಯ ತಲೆ ಮೇಲೆ ಕೂರೋ ಹಾಗಾಗುತ್ತೆ, ಸಿಗೋ ಲಾಭ ಏನೂ ಇಲ್ಲ. ಎರಡು ದಾಟಲ್ಲಿ ಕಡ್ಡಿ ಗಿಡ್ಡ. ಅಂಗಡೀಲಿ ಗಿಡ್ಡ ಕಡ್ಡಿ ಮಾತ್ರ ಇದೆ ಅಂದಾಗ ಎರಡು ದಾಟು ಹಾಕಿ ಕೊಡೋ ಮೇಸ್ತ್ರಿಗಳಿದ್ದಾರೆ. ಮುಂದಿನ ಚಕ್ರಕ್ಕಾದ್ರೆ ಓಡುತ್ತೆ. ಹಿಂದಿನದಕ್ಕೆ ನಾನು ಒಪ್ಪಲ್ಲ.

ಉದ್ದದ ಲೆಕ್ಕ ಒಂದು ಉದಾಹರಣೆ ಹೇಳ್ತೀನಿ, ಹತ್ತನೇ ಕ್ಲಾಸಿನ ಗಣಿತ ಸಾಕು. ರಿಮ್ಮಿನ ಒಳಗೆ ಎದುರಾಬದುರು ನಿಪ್ಪಲ್ ಕೂರೋ ಜಾಗದ ಅಡ್ಡಳತೆ 540 ಮಿ.ಮೀ., ಹಬ್ಬಿನ ತಟ್ಟೇಲಿ ತೂತಿಂದ ಎದುರು ತೂತಿಗೆ 45 ಮಿ.ಮೀ., ಹಬ್ಬಿನ ನಡುವಿಂದ ತಟ್ಟೆಗೆ 32 ಮಿ.ಮೀ. ಅಂತ ಇಟ್ಕೊಳ್ಳಿ. 36 ಕಡ್ಡಿ ಅಂದ್ರೆ ಒಂದು ಕಡೆಗೆ 18, ತೂತಿಂದ ತೂತಿಗೆ 20 ಡಿಗ್ರಿ. ಮೂರು ದಾಟು ಅಂದ್ರೆ 60 ಡಿಗ್ರಿ, ಅದರ ಕೊಸೈನ್ ಅರ್ಧ. 270ರ ವರ್ಗ, 22.5ರ ವರ್ಗ, 32ರ ವರ್ಗ ಮೂರನ್ನೂ ಕೂಡಿಸಿ. ಅದರಿಂದ 2 × 270 × 22.5 × ಅರ್ಧ, ಅಂದ್ರೆ 6,075 ಕಳೀರಿ. ವರ್ಗಮೂಲ ತೆಗೆದ್ರೆ 261ಕ್ಕಿಂತ ಸ್ವಲ್ಪ ಮೇಲೆ. ಹಬ್ಬಿನ ತೂತಿನ ಅರ್ಧ ಅಗಲ ಕಳೆದ್ರೆ 260 ಮಿ.ಮೀ. ಇದೇ ಹಬ್ಬು, ಇದೇ ರಿಮ್ಮಿಗೆ ಎರಡು ದಾಟಾದ್ರೆ 254, ನಾಲ್ಕು ದಾಟಾದ್ರೆ 268ರ ಹತ್ರ. ನೋಡಿ, ಒಂದು ದಾಟಿಗೆ ಆರೇಳು ಮಿಲಿಮೀಟರ್ ವ್ಯತ್ಯಾಸ. ಅಂದಾಜಲ್ಲಿ ಕಡ್ಡಿ ತಗೊಂಡ್ರೆ ಒಂದೋ ನಿಪ್ಪಲ್ ಹಿಡಿಯಲ್ಲ, ಇಲ್ಲಾ ತುದಿ ರಿಮ್ಮಿಂದ ಹೊರಗೆ ಬಂದು ಟ್ಯೂಬಿಗೆ ಚುಚ್ಚುತ್ತೆ. ಇಷ್ಟೆಲ್ಲಾ ಬೇಡ ಅನ್ನೋರು ಮುರಿಯದ ಹಳೇ ಕಡ್ಡಿ ಒಂದನ್ನ ಎಡಗಡೆಯಿಂದ, ಒಂದನ್ನ ಬಲಗಡೆಯಿಂದ ಬಿಚ್ಚಿ ಅಂಗಡಿಗೆ ತಗೊಂಡು ಹೋಗಿ. ಆದ್ರೆ ಹಳೇ ರಿಮ್ಮಿನ ತರದ್ದೇ ರಿಮ್ಮು ಹಾಕೋದಾದ್ರೆ ಮಾತ್ರ ಆ ಉದ್ದ ಕೂರುತ್ತೆ. ಕಬ್ಬಿಣ ತೆಗೆದು ಅಲಾಯ್ ಹಾಕಿದ್ರೆ ಒಳ ಅಳತೆ ಬೇರೆ, ಉದ್ದವೂ ಬೇರೆ.

ರಿಮ್ಮಿನಲ್ಲಿ ನಮ್ಮವರು ಮೋಸ ಹೋಗೋದು ಇಂಚಿನ ಲೆಕ್ಕದಲ್ಲಿ. 26 ಅಂತ ಕೇಳಿದ್ರೆ ಎರಡು ತರ ಸಿಗುತ್ತೆ. ಹೆಣ್ಣುಮಕ್ಕಳ ಸೈಕಲ್‌ಗೆ ಬರೋ 26 × 1 3/8 ಟೈರು ಕೂರೋ ಜಾಗ 590 ಮಿ.ಮೀ. ದಪ್ಪ ಟೈರಿನ ಎಂ.ಟಿ.ಬಿ. 26ಕ್ಕೆ 559. ಎರಡಕ್ಕೂ ಹೆಸರು 26, ಮಧ್ಯೆ 31 ಮಿಲಿಮೀಟರ್ ವ್ಯತ್ಯಾಸ. ಒಂದರ ಟೈರು ಇನ್ನೊಂದಕ್ಕೆ ಏನು ಮಾಡಿದ್ರೂ ಕೂರಲ್ಲ, ಬ್ರೇಕ್ ಕಟ್ಟೆಯೂ ರಿಮ್ಮಿಗೆ ತಾಗಲ್ಲ. ಅಪ್ಪಂದಿರ ದೊಡ್ಡ ಸೈಕಲ್‌ದು 28 × 1 1/2, ಅದು 635. ಈಗಿನ 700ಸಿ ಅನ್ನೋದು 622, ಅದೂ ಬೇರೆ. ಇನ್ನು 22 ಇಂಚ್ ಸೈಕಲ್ ಅಂತ ದೊಡ್ಡೋರು ಹೇಳೋದು ಚೌಕಟ್ಟಿನ ಅಳತೆ, ಚಕ್ರದ್ದಲ್ಲ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 37-590 ಅಂತ ಒಂದು ನಂಬರ್ ಒತ್ತಿರುತ್ತೆ. ಮುಂದಿನದು ಅಗಲ, ಹಿಂದಿನದು ಕೂರೋ ಅಳತೆ. ಇಂಚು ಮರೆತುಬಿಡಿ, ಆ ನಂಬರ್ ಬರ್ಕೊಂಡು ಹೋಗಿ.

ತೂತಿನ ಸಂಖ್ಯೆ ಹಬ್ಬಿಗೂ ರಿಮ್ಮಿಗೂ ಒಂದೇ ಇರಬೇಕು. 40 ತೂತಿನ ಹಬ್ಬಿಗೆ 36ರ ಅಲಾಯ್ ರಿಮ್ಮು ಕೂರಲ್ಲ. ಹೀಗಾಗಿ ಕೋಣೆ ಹಿಂದಿರೋ ದೊಡ್ಡ ಕರೀ ಸೈಕಲ್ ಎರಡಕ್ಕೂ ಕಬ್ಬಿಣದ ರಿಮ್ಮೇ ಗತಿ. ಅವಕ್ಕೆ ಇನ್ನೊಂದು ಕಾರಣವೂ ಇದೆ. ಅವು ರಾಡ್ ಬ್ರೇಕಿನವು. ಅದರ ಬ್ರೇಕ್ ಕಟ್ಟೆ ರಿಮ್ಮಿನ ಪಕ್ಕ ಹಿಡಿಯಲ್ಲ, ಒಳಗಡೆಯಿಂದ ಹಬ್ಬಿನ ಕಡೆಯ ಮುಖಕ್ಕೆ ಮೇಲಕ್ಕೆ ಒತ್ತುತ್ತೆ. ಅದಕ್ಕೆ ಬೇಕಾದ ದುಂಡು ಅಂಚಿನ ರಿಮ್ಮಿಗೆ ವೆಸ್ಟ್‌ವುಡ್ ಅಂತಾರೆ. ಚಪ್ಪಟೆ ಪಕ್ಕದ ಅಲಾಯ್ ರಿಮ್ಮು ಹಾಕಿದ್ರೆ ಬ್ರೇಕೂ ಬದಲಾಯಿಸಬೇಕು. ಸುಮ್ಮನೆ ಖರ್ಚು.

ಮಿಕ್ಕವು ಕ್ಯಾಲಿಪರ್ ಬ್ರೇಕಿನವು, ಅಂದ್ರೆ ಎರಡು ಪಕ್ಕದಿಂದ ಅಮುಕಿ ಹಿಡಿಯೋವು. ಇವಕ್ಕೆ ಅಲಾಯ್ ಹಾಕಿ ಅಂತ ನಾನು ಹಟ ಹಿಡಿತೀನಿ. ಹಗುರ, ತುಕ್ಕು ಹಿಡಿಯಲ್ಲ ಅನ್ನೋದು ಇರ್ಲಿ. ಮುಖ್ಯ ಕಾರಣ ಮಳೆ. ಹೊಳೆಯೋ ಕ್ರೋಮ್ ಕಬ್ಬಿಣದ ರಿಮ್ಮು ಒದ್ದೆಯಾದಾಗ ರಬ್ಬರ್ ಕಟ್ಟೆ ಜಾರುತ್ತೆ, ಬ್ರೇಕ್ ಹಿಡಿದ್ರೂ ಸೈಕಲ್ ನಿಲ್ಲಲ್ಲ. ತಳಿ ಕಡೆ, ಡೆಂಕಣಿಕೋಟೆ ಕಡೆ ಇಳಿಜಾರು ರಸ್ತೇಲಿ ಐಪ್ಪಸಿ ಮಳೇಲಿ ಹನ್ನೆರಡು ವರ್ಷದ ಮಗು ಇಳೀತಾ ಇದೆ ಅಂತ ನೆನೆಸ್ಕೊಳ್ಳಿ, ಎದುರಿಗೆ ಗ್ರಾನೈಟ್ ಲಾರಿ. ಅಲಾಯ್ ಒದ್ದೇಲೂ ಎಷ್ಟೋ ವಾಸಿ ಹಿಡಿಯುತ್ತೆ. ದುಡ್ಡು ಎರಡು ರಿಮ್ಮಿಗೆ ಸಾಲದೇ ಹೋದ್ರೆ? ಮುರಿದಿರೋದು ಹಿಂದಿನ ಚಕ್ರ, ಆದ್ರೆ ಸೈಕಲ್ ನಿಲ್ಲಿಸೋದರಲ್ಲಿ ಹೆಚ್ಚು ಕೆಲಸ ಮುಂದಿನ ಬ್ರೇಕಿಂದು. ಆಗ ಒಂದು ಅಲಾಯ್ ರಿಮ್ಮನ್ನ ಮುಂದಕ್ಕೆ ಹಾಕಿ. ಹಬ್ಬುಗಳ ತೂತು ಎರಡೂ 36 ಇದ್ರೆ ಬೆಂಡಿಲ್ಲದ ಮುಂದಿನ ಕಬ್ಬಿಣದ ರಿಮ್ಮನ್ನ ಹಿಂದಿನ ಹಬ್ಬಿಗೆ ಕಟ್ಟಬಹುದು. ಕೂಲಿ ಎರಡು ಚಕ್ರದ್ದಾಗುತ್ತೆ, ಕೂಲಿ ನಮ್ಮದೇ ಆದ್ರೆ ಖರ್ಚಿಲ್ಲ.

ಅಲಾಯಲ್ಲಿ ಒಂದು ಗೋಡೆದು, ಎರಡು ಗೋಡೆದು ಅಂತ ಇದೆ. ಟೈರ್ ತೆಗೆದು ಒಳಗೆ ನೋಡಿದ್ರೆ ಗೊತ್ತಾಗುತ್ತೆ: ನಿಪ್ಪಲಿನ ತಲೆ ಬಯಲಲ್ಲೇ ಕಂಡ್ರೆ ಒಂದು ಗೋಡೆ, ಆಳವಾದ ಗುಂಡೀಲಿ ಕೂತಿದ್ರೆ ಎರಡು. ಎರಡು ಗೋಡೆದು ಗಟ್ಟಿ, ಹಳ್ಳಕ್ಕೆ ಬಿದ್ರೂ ಬೇಗ ಚಪ್ಪಟೆಯಾಗಲ್ಲ. ಹಿಂದೆ ತಮ್ಮನ್ನೋ ತಂಗಿಯನ್ನೋ ಕೂರಿಸ್ಕೊಂಡು ಹೋಗೋ ಸೈಕಲ್‌ಗೆ, ಅಕ್ಕಿ ಮೂಟೆ ಹೇರೋ ಸೈಕಲ್‌ಗೆ ಎರಡು ಗೋಡೆದೇ ಇರ್ಲಿ. ಒಬ್ಬ ಹುಡುಗಿ ಒಂದು ಬ್ಯಾಗು ಅಂದ್ರೆ ಒಂದು ಗೋಡೆದು 36 ಕಡ್ಡಿಯಲ್ಲಿ ಸಾಕಷ್ಟು ಬಾಳುತ್ತೆ. ಬೆಲೆ ನಾನು ಹೇಳಲ್ಲ. ಲೂಧಿಯಾನದಿಂದ ಬರೋ ಮಾಲು, ಅಂಗಡಿಗೊಂದು ರೇಟು, ಈ ಸಂಚಿಕೆ ಅಚ್ಚಾಗೋ ಹೊತ್ತಿಗೆ ಇನ್ನೊಂದು ರೇಟು. ಒಂದು ಹೊಸ ಸೈಕಲ್ಲಿನ ದುಡ್ಡಿಗೆ ನಾಲ್ಕೈದು ಹಿಂದಿನ ಚಕ್ರ ಕಟ್ಟಬಹುದು ಅನ್ನೋದು ಮಾತ್ರ ಹೊಸೂರಿನ ಮೂರು ಅಂಗಡೀಲಿ ಕೇಳಿ ಬಂದ ಮೇಲೆ ಹೇಳ್ತಿದ್ದೀನಿ.

ಖರ್ಚು ಕಡಿಮೆ ಮಾಡೋದಾದ್ರೆ ರಿಮ್ಮಿನಲ್ಲಿ ಮಾಡಿ, ಕಡ್ಡಿಯಲ್ಲಿ ಬೇಡ. ಸಾಧ್ಯ ಆದ್ರೆ ಸ್ಟೇನ್‌ಲೆಸ್ ಕಡ್ಡಿ, 14 ಗೇಜು, ಅಂದ್ರೆ ಎರಡು ಮಿಲಿಮೀಟರ್. ಗೇಜು ನಂಬರ್ ಕಡಿಮೆಯಾದಷ್ಟೂ ಕಡ್ಡಿ ದಪ್ಪ, ಇದು ತಲೆಕೆಳಗಾದ ಲೆಕ್ಕ. ದಪ್ಪ ಇದ್ರೆ ಗಟ್ಟಿ ಅಂತ 12 ಗೇಜು ತಂದ್ರೆ ಮಾಮೂಲಿ ಹಬ್ಬಿನ ತೂತಲ್ಲಿ ಹೋಗೋದೇ ಇಲ್ಲ, ತೂತು ಕೊರೆದು ಹಾಕಿದ್ರೆ ತಟ್ಟೆ ಬಲ ಕಳ್ಕೊಳ್ಳುತ್ತೆ. ಅದು ಗ್ಯಾಸ್ ಸಿಲಿಂಡರ್ ಹೊರೋ ಗಾಡಿಗಳ ಕಡ್ಡಿ. ಅಂಗಡೀಲಿ ಅಯಸ್ಕಾಂತ ಇಟ್ಟು ಸ್ಟೇನ್‌ಲೆಸ್ ಪರೀಕ್ಷೆ ಮಾಡೋರಿದ್ದಾರೆ. ಆ ಪರೀಕ್ಷೆ ನಂಬಬೇಡಿ. ತಂತಿ ಎಳೆಯುವಾಗ ಒಳ್ಳೇ ಸ್ಟೇನ್‌ಲೆಸ್ಸಿಗೂ ಸ್ವಲ್ಪ ಅಯಸ್ಕಾಂತ ಗುಣ ಬರುತ್ತೆ. ನಿಪ್ಪಲ್ಲು ಹಿತ್ತಾಳೇದು. 36 ಬೇಕಾದ್ರೆ 40 ತನ್ನಿ, ನಾಲ್ಕು ಮುಂದಕ್ಕೆ ಇರ್ಲಿ.

ಹಳೇ ಕಡ್ಡಿ ಉಳಿಸ್ಕೋಬಹುದಾ ಅಂತ ಕೇಳಿದ್ರು. ರಿಮ್ಮು ಮಾತ್ರ ಗುಂಡಿಗೆ ಬಿದ್ದು ಬೆಂಡಾಗಿದೆ, ಕಡ್ಡಿ ಒಂದೂ ತುಂಡಾಗಿಲ್ಲ, ತುಕ್ಕಿಲ್ಲ, ಅಂದ್ರೆ ಉಳಿಸ್ಕೊಳ್ಳಿ. ಅದೇ ಅಳತೆ ರಿಮ್ಮು ತಂದು, ಗಾಳಿ ತೂತು ಗಾಳಿ ತೂತಿಗೆ ಸೇರಿಸಿ ಹಳೇದರ ಪಕ್ಕ ಟೇಪ್ ಹಾಕಿ ಕಟ್ಟಿ, ಒಂದೊಂದೇ ಕಡ್ಡಿ ಈ ಕಡೆಯಿಂದ ಆ ಕಡೆಗೆ ದಾಟಿಸಿ. ಹೆಣಿಗೆ ಯೋಚನೆಯೇ ಇಲ್ಲ. ಆದ್ರೆ ಒಂದು ವರ್ಷದಲ್ಲಿ ಮೂರು ನಾಲ್ಕು ಕಡ್ಡಿ ತುಂಡಾಗಿದ್ದ ಚಕ್ರ ಆದ್ರೆ ಮಿಕ್ಕವೂ ದಣಿದಿವೆ ಅಂತಲೇ ಅರ್ಥ. ಎಲ್ಲಾ ಬದಲಾಯಿಸಿ. ಹಳೇ ಹಬ್ಬು ಉಳಿಸುವಾಗ ತಟ್ಟೆ ಮೇಲೆ ಕಡ್ಡಿ ಒತ್ತಿದ ಗುರುತು ಇರುತ್ತೆ, ಹೊಸ ಕಡ್ಡಿಯೂ ಅದೇ ಗುರುತಲ್ಲಿ ಕೂರ್ಲಿ.

ಕಟ್ಟೋ ಕೆಲಸ ಕೈಯಿಂದಲೇ ಕಲಿಯಬೇಕು, ಮಾತಲ್ಲಿ ಅರ್ಧ. ಎರಡು ಸಂಗತಿ ಮಾತ್ರ ಹೇಳ್ತೀನಿ. ಒಂದು, ತಟ್ಟೆಯ ಹೊರಗಿಂದ ಹೊರಟ ಕಡ್ಡಿ ಮೊದಲ ಎರಡನ್ನ ಹೊರಗಿಂದ ದಾಟಿ ಮೂರನೇದರ ಒಳಗೆ ತೂರಬೇಕು. ಹಗ್ಗದ ಮಂಚ ಹೆಣೆಯೋರಿಗೆ ಇದು ಹೇಳಿಕೊಡೋದೇ ಬೇಡ. ಗಾಳಿ ತೂತಿನ ಎರಡೂ ಪಕ್ಕದ ಕಡ್ಡಿ ಒಂದಕ್ಕೊಂದು ಸರಿಸಮ ಹೋಗೋ ಹಾಗೆ ನೋಡ್ಕೊಳ್ಳಿ, ಇಲ್ದಿದ್ರೆ ಪಂಪ್ ಬಾಯಿ ತೂರಲ್ಲ. ಎರಡು, ಬಿಗಿ. ಬೆರಳಲ್ಲಿ ಮೀಟಿ ಕೇಳಿ. ಒಂದೇ ಕಡೆಯ ಕಡ್ಡಿಗಳು ಹತ್ರ ಹತ್ರ ಒಂದೇ ನಾದ ಕೊಡಬೇಕು. ತಮಟೆಯನ್ನ ಬೆಂಕಿಗೆ ಹಿಡಿದು, ಬಡಿದು, ಮತ್ತೆ ಹಿಡಿದು ನಾದ ತರೋ ಕಿವಿ ನಮ್ಮ ಬೀದೀಲಿ ಎಷ್ಟು ಜನಕ್ಕಿಲ್ಲ? ಆ ಕಿವಿ ಇದ್ದೋರು ಒಂದು ವಾರದಲ್ಲಿ ಇದನ್ನ ಕಲೀತಾರೆ. ಗೇರ್ ಸೈಕಲ್ ಹಿಂದಿನ ಚಕ್ರದಲ್ಲಿ ಮಾತ್ರ ಬಲಗಡೆ ನಾದ ಎಡಕ್ಕಿಂತ ಮೇಲಿರುತ್ತೆ, ಅದು ಸರಿಯೇ. ಬಿಗಿದಾದ ಮೇಲೆ ಸಮಾನಾಂತರ ಕಡ್ಡಿಗಳನ್ನ ಜೋಡಿ ಜೋಡಿಯಾಗಿ ಕೈಯಲ್ಲಿ ಜೋರಾಗಿ ಹಿಸುಕಿ, ಮತ್ತೆ ನೇರ ನೋಡಿ. ಅಮೆರಿಕದ ಇಂಜಿನಿಯರ್ ಜಾಬ್ಸ್ಟ್ ಬ್ರಾಂಡ್ಟ್ 1981ರಲ್ಲಿ ಸೈಕಲ್ ಚಕ್ರದ ಬಗ್ಗೆಯೇ ಒಂದು ಪುಸ್ತಕ ಬರೆದ. ಹೀಗೆ ಹಿಸುಕೋದ್ರಿಂದ ಕಡ್ಡಿ ಆಯಸ್ಸು ಹೆಚ್ಚುತ್ತೆ ಅಂತ ಅದರಲ್ಲಿ ಒತ್ತಿ ಹೇಳಿದ್ದಾನೆ. ನಮ್ಮ ಪೇಟೇಲಿ ಬಹಳ ಅಂಗಡೀಲಿ ಇದನ್ನ ಮಾಡಲ್ಲ, ಟೈಮಿಲ್ಲ ಅಂತಾರೆ. ನಮಗೆ ಭಾನುವಾರ ಟೈಮಿದೆ.

ಸ್ಟ್ಯಾಂಡು ಬೇಡ. ಸೈಕಲ್ ತಲೆಕೆಳಗು ಮಾಡಿ, ಚೌಕಟ್ಟಿಗೆ ಒಂದು ಪೆನ್ನು ಕಟ್ಟಿದ್ರೆ ಬೆಂಡು ಎಲ್ಲಿದೆ ಅಂತ ಅದೇ ಗೀರು ಎಳೆದು ತೋರಿಸುತ್ತೆ.

ಕೊನೇದಾಗಿ ಒಂದು ಮಾತು, ಇದು ಕೆಲವರಿಗೆ ಕಹಿ ಆಗಬಹುದು. "ಓದಿಸಿದ್ದು ಪಂಚರ್ ಹಾಕೋಕಾ" ಅಂತ ಮನೇಲಿ ಕೇಳ್ತಾರೆ. ನಮಗೆ ಕಟ್ಟಿಹಾಕಿದ ಕೆಲಸ ಬೇರೆ, ನಾವೇ ಆರಿಸಿ ಕಲಿತ ಕೆಲಸ ಬೇರೆ. ಕೊಸೈನ್ ಹಾಕಿ ಕಡ್ಡಿ ಉದ್ದ ತೆಗೆಯೋ ಹುಡುಗಿ ನಾಳೆ ಸಿಪ್ಕಾಟಲ್ಲಿ ಡಿಪ್ಲೊಮಾ ಕೆಲಸಕ್ಕೆ ಹೋದಾಗ ಡ್ರಾಯಿಂಗ್ ನೋಡಿ ಹೆದರಲ್ಲ. ಈ ಕೆಲಸಕ್ಕೆ ಹುಡುಗರ ಜೊತೆ ಹುಡುಗಿಯರೂ ಕೂರಬೇಕು ಅಂತ ಸಂಘದ ಮುಂದೆ ಇಡ್ತಿದ್ದೀನಿ. ಅದು ಇಲ್ಲ ಅಂದ್ರೆ ನಾನು ನಿಪ್ಪಲ್ ಕೀ ತರಲ್ಲ, ನೋಡಿ!

ಬರೋ ಭಾನುವಾರ ಬೆಳಗ್ಗೆ ಎಂಟಕ್ಕೆ ಕೋಣೆ ಹಿಂದೆ ಸೇರೋಣ. ಮನೇಲಿ ನಿಂತಿರೋ ಸೈಕಲ್ ಇದ್ರೆ ಮೂರು ವಿಷಯ ಚೀಟೀಲಿ ಬರೆದು ತನ್ನಿ: ಟೈರಿನ ಪಕ್ಕದ ನಂಬರು, ಮುಂದೆ ಹಿಂದೆ ಎಷ್ಟೆಷ್ಟು ಕಡ್ಡಿ, ಬ್ರೇಕು ರಾಡಾ ಕ್ಯಾಲಿಪರ್ರಾ. ಚೀಟಿ ಎಲ್ಲಾ ಸೇರಿಸಿ ಒಂದೇ ಸಾರಿ ಅಂಗಡಿಗೆ ಹೋದ್ರೆ ಕಡ್ಡಿ ಗ್ರೋಸ್ ಲೆಕ್ಕದಲ್ಲಿ ಸಿಗುತ್ತೆ, 144ಕ್ಕೆ ನಾಲ್ಕು ಚಕ್ರ ಸರಿಯಾಗಿ ಆಗುತ್ತೆ. ಮೊದಲು ಹಿಡಿಯೋದು ಆ ನೀಲಿ ಸೈಕಲ್ಲು, ಅದರ ಹಬ್ಬು ಇನ್ನೂ ಗಟ್ಟಿಯಾಗಿದೆ. ಮೂರು ದಾಟು, 36 ಕಡ್ಡಿ, ಅಲಾಯ್ ರಿಮ್ಮು. ಏಳನೇ ಕ್ಲಾಸಿನ ಇಬ್ಬರು ಅದನ್ನ ಈಗಾಗಲೇ ಒರೆಸಿ ಇಟ್ಟಿದ್ದಾರೆ.